ಹಲಗೆಗೆ ಏರಿದ ಸರಸ್ವತಿ

ನಮ್ಮ ಕಡೆ ಹಳೆ ಕ್ಯಾಲೆಂಡರನ್ನು ಯಾರೂ ಹಾಗೇ ಕಸಕ್ಕೆ ಹಾಕುವುದಿಲ್ಲ. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಬಚ್ಚಲ ಒಲೆಗೆ ಹೋದೀತು, ಮೇಲಿನ ದೇವರ ಚಿತ್ರ ಮಾತ್ರ ಸುರುಳಿಯಾಗಿ ಅಟ್ಟ ಸೇರುತ್ತದೆ. ಲಗ್ನಪತ್ರಿಕೆಗಳದ್ದೂ ಅದೇ ಕತೆ. ಮೂಲೆಯಲ್ಲಿ ಗಣಪತಿ ಕೂತಿರುವಾಗ ಹರಿದು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಜಾಗ ಸಾಲದಾದಾಗ ಬಣ್ಣ ಹೋದ ಪಟ, ಗಾಜು ಒಡೆದ ಫೋಟೋ ಎಲ್ಲವನ್ನೂ ಒಯ್ದು ಅಶ್ವತ್ಥಕಟ್ಟೆಗೆ ಒರಗಿಸಿ, ಕೈಮುಗಿದು ಬರುತ್ತಾರೆ. ಆದರೆ ನಮ್ಮ ಸಾಗರ ಊರಿನ ಮಲೆನಾಡ ಮಳೆಗೆ ಕಾಗದ ಎಷ್ಟು ದಿನ ತಡೆದೀತು? ಆಷಾಢದಲ್ಲಿ ಕಟ್ಟೆಯ ಪಕ್ಕ ಹೋಗುವಾಗಲೆಲ್ಲ, ನೆನೆದು ಮುದ್ದೆಯಾದ ಆ ಲಕ್ಷ್ಮಿ, ಆ ವೆಂಕಟರಮಣ ಕಣ್ಣಿಗೆ ಬಿದ್ದು ಸಂಕಟವಾಗುತ್ತಿತ್ತು.

ನಾನು ಡೆಕೂಪಾಜ್ ಮಾಡಲು ಕೂತದ್ದು ಈ ಕಾಗದಗಳಿಗಾಗಿಯೇ. ಅಚ್ಚಾದ ಚಿತ್ರಗಳನ್ನು ಬಿಡಿಸಿ ಕತ್ತರಿಸಿ, ಮರದ ಮೇಲೆ ಅಂಟಿಸಿ, ಮೇಲಿಂದ ವಾರ್ನಿಶ್ ಪದರದ ಮೇಲೆ ಪದರ ಹಚ್ಚಿ, ಉಜ್ಜಿ, ಕಾಗದ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯದಂತೆ ಮಾಡುವ ಕೆಲಸ ಇದು. 18ನೇ ಶತಮಾನದ ವೆನಿಸ್‌ನಲ್ಲಿ ಇದಕ್ಕೆ ದೊಡ್ಡ ಬೇಡಿಕೆ ಇತ್ತು. ಚೀನಾ, ಜಪಾನಿನಿಂದ ಬರುತ್ತಿದ್ದ ಲ್ಯಾಕರ್ ಮೆರುಗಿನ ಪೆಟ್ಟಿಗೆ, ಮೇಜುಗಳು ತೀರಾ ದುಬಾರಿ. ಅಲ್ಲಿನ ಕುಶಲಕರ್ಮಿಗಳು ಅಚ್ಚಿನ ಚಿತ್ರ ಅಂಟಿಸಿ, ಮೇಲೆ ವಾರ್ನಿಶ್ ಬಳಿದು ಅದೇ ನೋಟ ತಂದರು. ಬಸ್ಸಾನೊ ಎಂಬ ಊರಿನ ರೆಮೊಂದಿನಿ ಮುದ್ರಣಾಲಯ ಕತ್ತರಿಸಿ ಅಂಟಿಸಲೆಂದೇ ಚಿತ್ರದ ಹಾಳೆಗಳನ್ನು ಅಚ್ಚುಹಾಕಿ ಮಾರುತ್ತಿತ್ತು.

ನಮಗೂ ಇದು ತೀರಾ ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಅರಮನೆಯವರು ಮಾತ್ರ ನೋಡುತ್ತಿದ್ದ ಚಿತ್ರಗಳು ಮನೆಮನೆಯ ಜಗಲಿಗೆ ಬಂದವು. ಮಾಡಿನ ತುಸು ಕೆಳಗೆ, ಮುಂದಕ್ಕೆ ವಾಲಿಸಿ ಸಾಲಾಗಿ ತೂಗುಹಾಕಿದ ಆ ಪಟಗಳನ್ನು ಮಲೆನಾಡಿನ ಹಳೆ ಮನೆಗಳಲ್ಲಿ ಈಗಲೂ ನೋಡಬಹುದು. ಎಷ್ಟೋ ಹೆಂಗಸರು ದೇವಿಯ ಸೀರೆಯ ಮೇಲೆ ನಿಜವಾದ ಬಟ್ಟೆ ಹೊದಿಸಿ, ಅಂಚಿಗೆ ಜರಿ ಹಚ್ಚಿ, ಒಡವೆಯ ಜಾಗದಲ್ಲಿ ಚಮಕಿ ಅಂಟಿಸಿ ಕಟ್ಟು ಹಾಕಿಸುತ್ತಿದ್ದರು. ನಮ್ಮ ಅತ್ತೆಯ ತವರಿನಲ್ಲಿ ಅಂಥ ಒಂದು ಲಕ್ಷ್ಮಿ ಇದೆ, ಅವರ ಅಜ್ಜಿಯ ಕೈಕೆಲಸ. ಅಚ್ಚಿನ ಚಿತ್ರವನ್ನು ತಮ್ಮ ಕೈಯಿಂದ ಇನ್ನಷ್ಟು ತಮ್ಮದು ಮಾಡಿಕೊಳ್ಳುವ ಆಸೆ ಹೊಸ ಕಾಲದ ಹವ್ಯಾಸ ಅಲ್ಲವೇ ಅಲ್ಲ.

ಪೆಟ್ಟಿಗೆ ತೆರೆದು ಕಾಗದಗಳನ್ನು ಚಾಪೆಯ ಮೇಲೆ ಹರವಿಕೊಂಡಾಗ ಅತ್ತೆ ಬಾಗಿಲಲ್ಲೇ ನಿಂತರು.

"ದೇವ್ರ ಪಟಕ್ಕೆ ಕತ್ತರಿ ಹಾಕ್ತೀಯೇನೆ?"

"ದೇವ್ರನ್ನ ಮುಟ್ಟಲ್ಲ ಅತ್ತೆ. ಸುತ್ತ ಇರೋ ಹೂವು, ಹಕ್ಕಿ, ಬಳ್ಳಿ ಬಿಡಿಸ್ಕೋತೀನಿ. ದೇವ್ರು ಇಡಿಯಾಗೇ ಇರ್ತಾರೆ."

ಅವರು ಸ್ವಲ್ಪ ಹೊತ್ತು ಯೋಚಿಸಿ ಮೂರು ಷರತ್ತು ಹಾಕಿದರು. ದೇವರ ಕೈಕಾಲು, ಆಯುಧ, ವಾಹನ ಯಾವುದೂ ತುಂಡಾಗಕೂಡದು. ಮುಖದ ಮೇಲೆ ಇನ್ನೊಂದು ಕಾಗದ ಬರಕೂಡದು. ಕತ್ತರಿಸಿ ಉಳಿದ ಚೂರು ಕಾಲಿಗೆ ಸಿಗಕೂಡದು. ಹೀಗೆಂದು ಒಳಗೆ ಹೋಗಿ ಹಳೆಯದೊಂದು ಮೊರ ತಂದು ನನ್ನ ಪಕ್ಕ ಇಟ್ಟರು. ಭಕ್ತಿಯಿಂದ ಹುಟ್ಟಿದ ಈ ಷರತ್ತುಗಳು ಚಿತ್ರ ಜೋಡಿಸುವುದಕ್ಕೂ ಒಳ್ಳೆಯ ನಿಯಮಗಳೇ ಎಂದು ಕೆಲಸ ಸಾಗಿದಂತೆ ಗೊತ್ತಾಯಿತು. ಮುಖ್ಯ ಆಕೃತಿ ಒಂದೇ ಇರಬೇಕು, ಅದು ಪೂರ್ತಿ ಕಾಣಬೇಕು, ಉಳಿದದ್ದು ಅದರ ಸುತ್ತ ಹರಡಬೇಕು. ಅತ್ತೆ ಹೇಳದಿದ್ದರೆ ಸಿಕ್ಕ ಸುಂದರ ಚಿತ್ರವನ್ನೆಲ್ಲ ಒಂದರ ಮೇಲೊಂದು ಹೇರುವ ಆಸೆ ಯಾರಿಗಾದರೂ ಬರುವಂಥದ್ದೇ.

ನಡುವೆ ಕೂರಿಸಲು ಆರಿಸಿಕೊಂಡದ್ದು ರವಿವರ್ಮರ ಸರಸ್ವತಿ. ಬಿಳಿ ಸೀರೆ, ಎರಡು ಕೈಯಲ್ಲಿ ವೀಣೆ, ಪಕ್ಕದಲ್ಲಿ ನವಿಲು. ಪೆಟ್ಟಿಗೆಯ ತಳದಲ್ಲಿದ್ದ ಆ ಹಳೆ ಅಚ್ಚಿನ ಅಂಚು ಮುಟ್ಟಿದರೆ ಪುಡಿಯಾಗುವಂತಿತ್ತು. ಅಂಥ ಹಳೆಯದಕ್ಕೆ ಕತ್ತರಿ ಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಲ್ಲಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಕಲ್ಲು, ಒಂದೇ ಹಾಳೆ ಮತ್ತೆ ಮತ್ತೆ ಯಂತ್ರಕ್ಕೆ ಹೋಗಿ ಬರಬೇಕು. ಅಷ್ಟು ಶ್ರಮದಿಂದ ಬಂದ ಹಾಳೆಯನ್ನು ಉಳಿಸಬೇಕು, ನಕಲನ್ನು ಕತ್ತರಿಸಬೇಕು. ಸ್ಕ್ಯಾನ್ ಮಾಡಿಸಿ ಬಣ್ಣದ ಲೇಸರ್ ಪ್ರಿಂಟ್ ತೆಗೆಸಿದೆ. ರವಿವರ್ಮ 1906ರಲ್ಲೇ ತೀರಿಕೊಂಡವರು, ನಕಲು ತೆಗೆಯಲು ಹಕ್ಕಿನ ತೊಡಕೂ ಇಲ್ಲ. ಕಮಲ, ಬಳ್ಳಿ, ಆನೆ, ಇನ್ನೊಂದು ನವಿಲು ಇತ್ತೀಚಿನ ಕ್ಯಾಲೆಂಡರುಗಳಿಂದ ಬಂದವು. ನಾಲ್ಕೂ ಮೂಲೆಗೆ ಲಗ್ನಪತ್ರಿಕೆಯ ಪುಟ್ಟ ಗಣಪತಿಗಳು. ಕ್ಯಾಲೆಂಡರ್ ಚಿತ್ರ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್. ಎಂ. ಪಂಡಿತ್ ಅವರ ಪುರಾಣದ ಚಿತ್ರಗಳು ದೇಶದ ಮನೆಮನೆ ತಲುಪಿದ್ದು ಕ್ಯಾಲೆಂಡರಿನ ದಾರಿಯಿಂದಲೇ. ಆ ಮೈಕಟ್ಟು, ಆ ಬೆಳಕು ಬರೆದ ಕೈ ಸಣ್ಣದಲ್ಲ.

ಲೇಸರ್ ಪ್ರಿಂಟೇ ತೆಗೆಸಿದ್ದಕ್ಕೆ ಕಾರಣವಿದೆ. ಮನೆಗಳಲ್ಲಿರುವ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಸಾಮಾನ್ಯವಾಗಿ ನೀರು ತಾಗಿದರೆ ಹರಡುತ್ತದೆ. ಅಂಟು ಹಚ್ಚಿದ ಕೂಡಲೇ ಸರಸ್ವತಿಯ ಬಿಳಿ ಸೀರೆಗೆ ಕೂದಲಿನ ಕಪ್ಪು ಇಳಿದೀತು. ಲೇಸರಿನಲ್ಲಿ ಬಣ್ಣದ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಯಾವುದರ ಮೇಲಾದರೂ ಅನುಮಾನ ಬಂದರೆ ಮೂಲೆಯಲ್ಲಿ ಒದ್ದೆ ಬೆರಳು ಆಡಿಸಿ ನೋಡುವುದು ಸುಲಭದ ಪರೀಕ್ಷೆ. ದಿನಪತ್ರಿಕೆಯ ಚಿತ್ರಗಳನ್ನು ನಾನು ಮುಟ್ಟಲಿಲ್ಲ. ಒದ್ದೆಯಾದರೆ ಹಿಂದಿನ ಪುಟದ ಅಕ್ಷರ ಮುಂದೆ ಮೂಡುತ್ತದೆ, ಬಿಸಿಲಿಗೆ ಕಾಗದವೇ ಹಳದಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡಿದ್ದು ಲಗ್ನಪತ್ರಿಕೆ. ಝೆರಾಕ್ಸ್ ಹಾಳೆ 70–80 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಇದ್ದರೆ ಮದುವೆ ಕಾರ್ಡು ಸಾಮಾನ್ಯವಾಗಿ 250 ದಾಟಿರುತ್ತದೆ. ಅಷ್ಟು ದಪ್ಪದ ಕಾಗದವನ್ನು ಹಾಗೇ ಅಂಟಿಸಿದರೆ ಎಷ್ಟು ವಾರ್ನಿಶ್ ಹಚ್ಚಿದರೂ ಅಂಚು ಮೇಲೆದ್ದೇ ಇರುತ್ತದೆ. ತೆಳು ಮಾಡಲೇಬೇಕು. ಕಾರ್ಡಿನ ಹಿಂಬದಿಗೆ ಒದ್ದೆ ಸ್ಪಂಜು ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ಒಂದು ಮೂಲೆಯಲ್ಲಿ ಉಗುರಿನಿಂದ ಕೆದಕಿದರೆ ಪದರ ಏಳುತ್ತದೆ. ಆಮೇಲೆ ಎಳೆಯುವುದು ಚಿತ್ರವನ್ನಲ್ಲ, ಹಿಂದಿನ ಪದರವನ್ನು. ಚಿತ್ರದ ಮುಖ ಕೆಳಗೆ, ಅಂಗೈ ಅದರ ಮೇಲೆ ಚಪ್ಪಟೆಯಾಗಿ. ಏಳದೆ ಉಳಿದ ಕಡೆ ಬೆರಳ ತುದಿಯಿಂದ ಉಜ್ಜಿದರೆ ಕಾಗದ ಸಣ್ಣ ಸಣ್ಣ ಬತ್ತಿಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ. ಹಿಂದಿನಿಂದ ಗಣಪತಿಯ ಕೆಂಪು ಮಸುಕಾಗಿ ಕಾಣತೊಡಗಿತೆಂದರೆ ಅಲ್ಲಿಗೆ ನಿಲ್ಲಿಸಬೇಕು. ಪ್ಲಾಸ್ಟಿಕ್ ಲ್ಯಾಮಿನೇಶನ್ ಇರುವ ಕಾರ್ಡುಗಳನ್ನು ಬದಿಗಿಟ್ಟೆ, ಅವುಗಳ ಮೇಲೆ ನೀರಿನ ವಾರ್ನಿಶ್ ನಿಲ್ಲದೆ ಹನಿಹನಿಯಾಗಿ ಹಿಂಜರಿಯುತ್ತದೆ. ಒಂದೊಂದು ಕಾರ್ಡಿನ ಹಿಂದೆ ಹೆಸರು, ಮುಹೂರ್ತ, ಊರು ಓದಿಕೊಂಡೇ ಪದರ ಬಿಡಿಸುತ್ತಿದ್ದೆ. ಕೆಲವರ ಮಕ್ಕಳಿಗೇ ಈಗ ಮದುವೆಯ ವಯಸ್ಸು.

ಕತ್ತರಿಸುವ ಮೊದಲು ಎಲ್ಲ ಚಿತ್ರಗಳ ಮೇಲೂ ತೆಳ್ಳಗೆ ಒಂದು ಕೈ ವಾರ್ನಿಶ್ ಎಳೆದು ಒಣಗಿಸಿದೆ. ಹೀಗೆ ಮಾಡಿದರೆ ಕಾಗದ ಸ್ವಲ್ಪ ಬಿರುಸಾಗಿ ಕತ್ತರಿಗೆ ಚೆನ್ನಾಗಿ ಸಿಗುತ್ತದೆ, ಬಣ್ಣವೂ ಭದ್ರ. ಕತ್ತರಿ ದೊಡ್ಡದು ಬೇಡ, ತುದಿ ಬಾಗಿದ ಉಗುರು ಕತ್ತರಿ ಸಾಕು. ಈ ಕೆಲಸದ ಗುಟ್ಟೆಲ್ಲ ಎಡಗೈಯಲ್ಲಿದೆ. ಕತ್ತರಿ ಹಿಡಿದ ಬಲಗೈ ಇದ್ದಲ್ಲೇ ಇದ್ದು ಬಾಯಿ ತೆರೆದು ಮುಚ್ಚುತ್ತಿರಬೇಕು, ಎಡಗೈ ಕಾಗದವನ್ನು ತಿರುಗಿಸುತ್ತಾ ಅದರ ಬಾಯಿಗೆ ಕೊಡಬೇಕು. ಆಗ ಗೆರೆ ಮುರಿಯದೆ ಸಾಗುತ್ತದೆ. ಕತ್ತರಿಯನ್ನು ತುಸು ಬಲಕ್ಕೆ ಓರೆ ಮಾಡಿ ಹಿಡಿದರೆ ಅಂಚು ಇಳಿಜಾರಾಗುತ್ತದೆ, ಕಾಗದದ ಒಳಗಿನ ಬಿಳುಪು ಕೆಳಗೆ ಮರೆಯಾಗುತ್ತದೆ. ಆದರೂ ಕಂಡ ಕಡೆ ಬಣ್ಣದ ಪೆನ್ಸಿಲ್ ತುದಿಯನ್ನು ಅಂಚಿನ ಮೇಲೆ ಎಳೆದರೆ ಆಯಿತು. ಕಪ್ಪು ಹಿನ್ನೆಲೆಗೆ ಅಂಟಿಸುವವರು ಇದನ್ನು ಬಿಡಲೇಬಾರದು, ಕೂದಲೆಳೆಯಷ್ಟು ಬಿಳುಪು ಉಳಿದರೂ ಎದ್ದು ಕಾಣುತ್ತದೆ.

ಮೊದಲು ಒಳಗಿನ ಕಿಂಡಿಗಳು, ಆಮೇಲೆ ಹೊರಗಿನ ಗೆರೆ. ವೀಣೆಗೂ ತೋಳಿಗೂ ನಡುವಿನ ಜಾಗ, ಬಳ್ಳಿಯ ಸುರುಳಿಗಳ ನಡುವಿನ ಜಾಗ, ಇವನ್ನೆಲ್ಲ ಹಿಡಿಯಲು ಸುತ್ತ ಕಾಗದ ಇರುವಾಗಲೇ ತೆಗೆದುಬಿಡಬೇಕು. ಸೂಜಿಯಿಂದ ತೂತು ಮಾಡಿ, ಕತ್ತರಿಯ ತುದಿಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿದರೆ ಕಾಗದ ಹರಿಯದು. ನವಿಲಿನ ಜುಟ್ಟು ಮಾತ್ರ ಬಹಳ ಹೊತ್ತು ಹಿಡಿಯಿತು. ಜುಟ್ಟಿನ ಒಂದೊಂದು ಕಡ್ಡಿಯೂ ದಾರದಷ್ಟು ಸಣ್ಣ, ತುದಿಯಲ್ಲಿ ನೀಲಿ ಚುಕ್ಕೆ. ಅಂಥ ಕಡೆ ಕಡ್ಡಿಗಳ ನಡುವೆ ಅಲ್ಲಲ್ಲಿ ಕಾಗದದ ಸಣ್ಣ ಅಡ್ಡಪಟ್ಟಿ ಬಿಟ್ಟುಕೊಂಡು ಕತ್ತರಿಸುತ್ತಾರೆ, ಹಲಗೆಯ ಮೇಲೆ ಇಡುವ ಗಳಿಗೆಯಲ್ಲಿ ಅದನ್ನು ತೆಗೆಯುತ್ತಾರೆ. ಅಡ್ಡಪಟ್ಟಿ ಇಲ್ಲದಿದ್ದರೆ ಅಂಟು ತಾಗಿದ ಜುಟ್ಟು ಮುದುಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಧ್ಯಾಹ್ನದ ಊಟ ಆದ ಮೇಲೆ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರುತ್ತಿದ್ದೆ. ಅತ್ತೆ ಎದುರಿಗೆ ಕೂತು ಹೂಬತ್ತಿ ಹೊಸೆಯುತ್ತಾ, ಚೂರು ಬಿದ್ದಾಗಲೆಲ್ಲ ಮೊರವನ್ನು ಇತ್ತ ಸರಿಸುತ್ತಿದ್ದರು.

ಹಿನ್ನೆಲೆಗೆ ಕಪ್ಪು ಎಂದು ತೀರ್ಮಾನಿಸಿದ್ದು ಇಂಗ್ಲೆಂಡಿನ ಮೇರಿ ಡೆಲನಿಯ ಕೆಲಸ ನೋಡಿದ ಮೇಲೆ. 1700ರಲ್ಲಿ ಹುಟ್ಟಿದ ಈಕೆ ಎರಡನೆಯ ಗಂಡನನ್ನೂ ಕಳೆದುಕೊಂಡ ಬಳಿಕ, 72ರ ವಯಸ್ಸಿನಲ್ಲಿ ಕತ್ತರಿ ಹಿಡಿದು ಬಣ್ಣದ ಕಾಗದದ ಚೂರುಗಳಿಂದ ಹೂಗಿಡಗಳನ್ನು ಮಾಡತೊಡಗಿದರು. ಕಣ್ಣು ಮಂಜಾಗಿ ನಿಲ್ಲಿಸುವ ಹೊತ್ತಿಗೆ ಆದ ಹಾಳೆಗಳು ಸಾವಿರಕ್ಕೆ ಹತ್ತಿರ. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಲ್ಲ ಹೂವೂ ಕಪ್ಪು ಕಾಗದದ ಮೇಲೆ. ಆ ಕಪ್ಪಿನಿಂದಾಗಿಯೇ ಎಸಳಿನ ಒಂದೊಂದು ತಿರುವೂ ಕಣ್ಣಿಗೆ ಬರುತ್ತದೆ. ಸರಸ್ವತಿಯ ಬಿಳಿ ಸೀರೆಗೂ ಅದೇ ಸರಿ ಅನ್ನಿಸಿತು. "ಕರೀದಾ? ಶುಭ ಅಲ್ಲ" ಎಂದರು ಅತ್ತೆ. ಗರ್ಭಗುಡಿಯ ಕಪ್ಪುಶಿಲೆಯ ಮೂರ್ತಿ ನೆನಪಿಸಿದೆ. ಒಪ್ಪಿದರು, ಆದರೆ ಅಂಚಿಗೆ ಕುಂಕುಮದ ಬಣ್ಣದ ಪಟ್ಟಿ ಬರಲೇಬೇಕು ಎಂದರು. ಅದು ಬಂದದ್ದು ಒಳ್ಳೆಯದೇ ಆಯಿತು.

ಹಲಗೆಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಅಗ್ಗ, ನುಣುಪೂ ಹೌದು. ಆದರೆ ಮಲೆನಾಡಿನ ತೇವಕ್ಕೆ ಅದರ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ. ನೀರು ತಡೆಯುವ, ಐಎಸ್ 710 ಗುರುತಿನ 9 ಮಿಲಿಮೀಟರ್ ಪ್ಲೈವುಡ್ ತಂದು, ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲಕ್ಕೆ ಕೊಯ್ಸಿಕೊಂಡೆ. ಕೊಯ್ದುಕೊಟ್ಟ ಆಚಾರ್ರು "ಅಂಚಿಗೆ ಮೊದಲು ಪ್ರೈಮರ್ ಕುಡಿಸಿ ಅಮ್ಮ, ಆಮೇಲೆ ಮೈಗೆ" ಎಂದರು. ಹಾಗೇ ಮಾಡಿದೆ. 120ರ ಉಪ್ಪುಕಾಗದ, ಆಮೇಲೆ ಅದಕ್ಕಿಂತ ನಯವಾದ 220, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಪ್ರೈಮರ್, ಕೊನೆಗೆ ಅಕ್ರಿಲಿಕ್ ಕಪ್ಪು. ಚಿತ್ರಗಳನ್ನು ಅಂಟಿಲ್ಲದೆ ಹಲಗೆಯ ಮೇಲೆ ಜೋಡಿಸಿ, ಸರಿಸಿ, ದೂರ ನಿಂತು ನೋಡಿ, ಒಪ್ಪಿಗೆಯಾದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು, ಟೈಲರ್ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ.

ಅಂಟಿನ ವಿಷಯದಲ್ಲಿ ಮನೆಯಲ್ಲಿ ಚರ್ಚೆಯೇ ಆಯಿತು. ಅತ್ತೆಗೆ ಮೈದಾ ಅಂಟಿನ ಮೇಲೆ ಭರವಸೆ. ಅದು ಕಾಗದಕ್ಕೆ ಒಳ್ಳೆಯ ಅಂಟೇ, ಆದರೆ ಹುಳಕ್ಕೆ ಊಟ. ಪುಸ್ತಕಕ್ಕೆ ರಟ್ಟು ಹಾಕುವವರು ಅದಕ್ಕೇ ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಆದರೂ ಅದು ವಿಷ, ಜತೆಗೆ ನೀಲಿ ಬಣ್ಣ. ಬಿಳಿ ಸೀರೆಯ ಕೆಳಗೆ ನನಗೆ ಬೇಡವಾಗಿತ್ತು. ಮೂರು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತಂದುಕೊಂಡೆ.

ಅಂಟಿಸುವಾಗ ಸುಕ್ಕು ಬರುವುದೇಕೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಾಗದ ಒದ್ದೆಯಾದರೆ ಹಿಗ್ಗುತ್ತದೆ. ಒಣ ಕಾಗದವನ್ನು ಒದ್ದೆ ಅಂಟಿನ ಮೇಲೆ ಇಟ್ಟರೆ ಅಂಟಿಕೊಂಡ ಮೇಲೆ ಹಿಗ್ಗತೊಡಗಿ, ಹೋಗಲು ಜಾಗವಿಲ್ಲದೆ ಮೇಲೇಳುತ್ತದೆ. ಅದಕ್ಕೇ ಚಿತ್ರವನ್ನು ಮೊದಲೇ ನೀರಿನಲ್ಲಿ ನೆನೆಸಿ, ಹಿಗ್ಗಲು ಬಿಟ್ಟು, ಟವೆಲಿನಲ್ಲಿ ಒತ್ತಿ ನೀರು ತೆಗೆದು, ಅಂಟು ಸವರಿದ ಹಲಗೆಯ ಮೇಲೆ ಇಡಬೇಕು. ಸರಸ್ವತಿಯನ್ನು ಇಟ್ಟಾಗ ಮಗಳು ಕಾಲ ಕಡೆ ಹಿಡಿದಳು, ನಾನು ಕಿರೀಟದ ಕಡೆ. ಮೊದಲು ಎದೆಯ ಮೇಲೆ, ಆಮೇಲೆ ನಿಧಾನಕ್ಕೆ ಅಂಚಿನ ಕಡೆಗೆ ಒದ್ದೆ ಸ್ಪಂಜಿನಿಂದ ಒತ್ತುತ್ತಾ ಹೋದರೆ ಒಳಗಿದ್ದ ಗಾಳಿಯೂ ಹೆಚ್ಚಾದ ಅಂಟೂ ಹೊರಗೆ ಬರುತ್ತವೆ. ಸೀರೆಯ ನೆರಿಗೆಯ ಹತ್ತಿರ ಅವರೆಕಾಳಿನಷ್ಟು ಗುಳ್ಳೆ ಉಳಿದಿತ್ತು. ನೆರಿಗೆಯ ಗೆರೆಯ ಮೇಲೇ ಸೂಜಿ ಚುಚ್ಚಿ, ತೂತಿನ ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬಿಳಿ ಅಂಟಿನ ಒಂದು ಹನಿ ಸೂಜಿಮೊನೆಯಷ್ಟೇ ಮೇಲೆ ಬಂದು ಗುಳ್ಳೆ ಕೂತಿತು, ತೂತು ಗೆರೆಯಲ್ಲಿ ಮರೆಯಾಯಿತು. ಹೊರಗೆ ಸುರಿದ ಅಂಟನ್ನು ಆಗಲೇ ಒರೆಸಿಬಿಡಬೇಕು, ಒಣಗಿದರೆ ಕಪ್ಪಿನ ಮೇಲೆ ಕಲೆ.

ಸಣ್ಣಪುಟ್ಟ ಸುಕ್ಕು ಕಂಡು ಗಾಬರಿಯಾಗಿ ಮತ್ತೆ ಮತ್ತೆ ಉಜ್ಜುವುದು ಬೇಡ. ಕಾಗದ ಒಣಗುತ್ತಾ ಕುಗ್ಗಿದಂತೆ ಬಹುಪಾಲು ತಾವಾಗಿ ಬಿಗಿಯುತ್ತವೆ. ಆದರೆ ಒಣಗುವುದು ಯಾವಾಗ? ಜುಲೈ ತಿಂಗಳು, ಹೊರಗೆ ಹಿಡಿದ ಮಳೆ, ಗೋಡೆಯೇ ಬೆವರುವ ಕಾಲ. ಬೇಸಿಗೆಯಲ್ಲಿ ಒಂದು ಹಗಲು ಸಾಕಾಗುವ ಕೆಲಸಕ್ಕೆ ಮಳೆಗಾಲದಲ್ಲಿ ಹಲವು ದಿನ ಬೇಕು. ಹಲಗೆಯನ್ನು ಬಿಸಿ ಒಲೆಯ ಹತ್ತಿರ ತರಲಿಲ್ಲ, ಒಂದು ಮಗ್ಗುಲು ಬೇಗ ಒಣಗಿದರೆ ಪ್ಲೈವುಡ್ ಬಾಗುತ್ತದೆ. ಫ್ಯಾನ್ ಹಾಕಿದ ಕೋಣೆಯಲ್ಲಿ ಎರಡೂ ಕಡೆ ಗಾಳಿ ಆಡುವಂತೆ ನಿಲ್ಲಿಸಿ ಕಾದೆ. ಅಂಟಿನ ಹಾಲುಬಣ್ಣ ಪೂರ್ತಿ ಹೋಗಿ ಹಲಗೆ ಕೈಗೆ ತಣ್ಣಗೆ ತಾಗದಂತಾದಾಗ ವಾರ್ನಿಶ್ ತೆಗೆದೆ. ತೇವ ಒಳಗಿರುವಾಗಲೇ ವಾರ್ನಿಶ್ ಹಚ್ಚಿದರೆ ಕಪ್ಪಿನ ಮೇಲೆ ಮಂಜು ಕವಿದಂತೆ ಉಳಿದುಬಿಡುತ್ತದೆ.

ವಾರ್ನಿಶ್ ನೀರಿನದ್ದೇ ಬೇಕು. ಎಣ್ಣೆಯ ವಾರ್ನಿಶ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಸೀರೆಯ ಬಿಳುಪು ಹೋಗುತ್ತದೆ. ಅಗಲದ ಮೆತ್ತನೆ ಬ್ರಶ್ಶಿನಲ್ಲಿ ತೆಳ್ಳಗೆ ಒಂದು ಕೈ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಕೈ ಅಡ್ಡಕ್ಕೆ. ಇದರಲ್ಲಿ ಪಳಗಿದವರು ಇಪ್ಪತ್ತು, ಮೂವತ್ತು ಪದರ ಹಚ್ಚುವುದುಂಟು. ಕಾಗದದ ದಪ್ಪ ಮುಚ್ಚುವಷ್ಟು ಪದರ ಬೀಳುವ ತನಕ ಉಪ್ಪುಕಾಗದ ಮುಟ್ಟಬಾರದು, ಚಿತ್ರವೇ ಸವೆದೀತು. ಆಮೇಲೆ 400ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಒತ್ತದೆ, ಸುತ್ತುಸುತ್ತಾಗಿ ಉಜ್ಜಬೇಕು. ಬಿಳಿ ಕೆಸರು ಏಳುತ್ತದೆ. ಒರೆಸಿ ಓರೆಯಾಗಿ ಬೆಳಕಿಗೆ ಹಿಡಿದರೆ ಇನ್ನೂ ಹೊಳೆಯುವ ಜಾಗಗಳೇ ತಗ್ಗು. ಮತ್ತೆ ವಾರ್ನಿಶ್, ಮತ್ತೆ ಉಜ್ಜುವುದು. ಕೊನೆಕೊನೆಗೆ 600, 1000. ಈ ಹಂತ ಬೇಸರ ಎಂದು ಬಹಳ ಜನ ಮೂರ್ನಾಲ್ಕು ಪದರಕ್ಕೇ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇದೇ ಡೆಕೂಪಾಜ್‌ನ ಜೀವ, ಇದನ್ನು ಬಿಟ್ಟರೆ ಉಳಿಯುವುದು ಅಂಟಿಸಿದ ಚಿತ್ರ ಅಷ್ಟೇ.

ಅತ್ತೆಯನ್ನು ಕರೆದು ಕಣ್ಣು ಮುಚ್ಚಿಕೊಳ್ಳಿ ಎಂದೆ. ಹಲಗೆಯ ಮೇಲೆ ಬೆರಳು ಆಡಿಸಿದರು, ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ.

"ಎಲ್ಲಿ ಅಂಟಿಸಿದ್ದೀಯೇ?"

"ಈಗ ನಿಮ್ಮ ಬೆರಳು ಇರೋದು ವೀಣೆ ಮೇಲೇ ಅತ್ತೆ."

ಗೋಡೆಗೆ ಹಾಕುವಾಗಲೂ ತೇವದ್ದೇ ಯೋಚನೆ. ಹಲಗೆಯ ಹಿಂಬದಿಗೂ ಪ್ರೈಮರ್, ಬಣ್ಣ ಎರಡೂ ಆಗಿತ್ತು. ನಾಲ್ಕು ಮೂಲೆಗೆ ಕಾರ್ಕಿನ ಸಣ್ಣ ಬಿಲ್ಲೆ ಅಂಟಿಸಿ, ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡಲು ಸಂದು ಬಿಟ್ಟೆ. ಹೊರಗೋಡೆ ಬೇಡವೆಂದು ಒಳಜಗಲಿಯ ಗೋಡೆ ಆರಿಸಿಕೊಂಡೆವು. ಅಲ್ಲಿಗೆ ನೇರ ಬಿಸಿಲಿಲ್ಲ, ಅಡುಗೆಮನೆಯ ಹೊಗೆಯೂ ಬರುವುದಿಲ್ಲ.

ಮೊರದ ತುಂಬಾ ಚೂರು ಸೇರಿತ್ತು. ಹೊಳಪು ಕಾಗದ, ಲ್ಯಾಮಿನೇಶನ್ ಇದ್ದದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಅತ್ತೆ ನೀರಿನಲ್ಲಿ ನೆನೆಹಾಕಿದರು. ಒಂದು ಹಿಡಿ ಮೆಂತ್ಯವನ್ನೂ ನೆನೆಸಿ, ಮರುದಿನ ಎರಡನ್ನೂ ಒರಳಿನಲ್ಲಿ ನುಣ್ಣಗೆ ಅರೆದು, ಅದೇ ಮೊರದ ಹೆಣಿಗೆಯ ಸಂದುಗಳಿಗೆ ಬಳಿದು ಒಣಗಲಿಟ್ಟರು. ಅಚ್ಚಿನ ಶಾಯಿ ಇರುವುದರಿಂದ ಅದರಲ್ಲಿ ಅಕ್ಕಿ ಕೇರುವುದು ಬೇಡ ಎಂದೆ. "ಅಕ್ಕಿಗ್ಯಾಕೆ, ಹೂವು ಕೊಯ್ಯೋಕೆ ಆಗುತ್ತೆ" ಎಂದರು. ಈಗ ಬೆಳಗ್ಗೆ ದಾಸವಾಳ, ಕರವೀರ ಕೊಯ್ದು ತರುವುದು ಅದರಲ್ಲೇ.